ದೊಡ್ಡಸ್ವಾಮಿಯವರು ಕಂಡ ಪಂಚಾಂಗ ಮತ್ತು ಮಾಟ



ಮಗಳಿಗೆ ಗಂಡು ಗೊತ್ತಾಗಿದೆ. ಎರಡೂ ಮನೆಯವರು ಒಂದೇ ವಿಶ್ವಾಸದವರು. ಆದರೂ ಯಾರೋ ಹೇಳಿದರೆಂದು ಗುಟ್ಟಾಗಿ ಜಾತಕ ತೋರಿಸಿಕೊಂಡು ಬರಬಹುದೇ? ಹಸು ಕಂದು ಹಾಕಿತು, ಬೋರ್‌ವೆಲ್ ಬತ್ತಿತು, ಮಗುವಿನ ಜ್ವರ ಇಳಿಯುತ್ತಿಲ್ಲ. ಪಕ್ಕದವರು ಮಾಟ ಮಾಡಿಸಿರಬಹುದೇ? ಕೊರಳಲ್ಲಿ ಜಪಸರದ ಜೊತೆಗೆ ತಾಯತವೂ ಇದ್ದರೆ ತಪ್ಪೇನು? ದೊಡ್ಡಬಳ್ಳಾಪುರವಿರಲಿ, ದೇವನಹಳ್ಳಿಯಿರಲಿ, ಹೊಸಕೋಟೆ ನೆಲಮಂಗಲಗಳಿರಲಿ, ಕಥೋಲಿಕ ಕುಟುಂಬಗಳಲ್ಲೂ ಈ ಪ್ರಶ್ನೆಗಳು ಹುಟ್ಟುತ್ತವೆ. ಗುರುಗಳ ಮುಂದೆ ಕೇಳಲು ಮಾತ್ರ ಸಂಕೋಚ. ಇವೇ ಪ್ರಶ್ನೆಗಳ ನಡುವೆ ಇನ್ನೂರು ವರ್ಷಗಳ ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಬಾಳಿದ ಒಬ್ಬ ಗುರುವಿನ ಜೀವನವನ್ನು ನೋಡೋಣ ಬನ್ನಿ.

ಫ್ರಾನ್ಸಿನಿಂದ ಶ್ರೀರಂಗಪಟ್ಟಣಕ್ಕೆ

ಇತಿಹಾಸ ಅವರನ್ನು ಅಬ್ಬೆ ದುಬುವಾ ಎಂದು ಕರೆಯುತ್ತದೆ. 'ಅಬ್ಬೆ' ಎಂದರೆ ಫ್ರಾನ್ಸಿನಲ್ಲಿ ಗುರುಗಳಿಗೆ ಸಲ್ಲುವ ಗೌರವದ ಹೆಸರು. ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಊರಿನವರು. 1766ರ ಜನವರಿಯಲ್ಲಿ ಅವರ ದೀಕ್ಷಾಸ್ನಾನವಾಯಿತು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಯುದ್ಧದಲ್ಲಿ ಮಡಿದ ಮೇಲೆ, ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಕರೆ ಅವರಿಗೆ ಬಂತು.

ಅವರು ಜನರಂತೆಯೇ ಬದುಕಿದರು. ದೇಶೀ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸ ಬಿಟ್ಟು ಊರೂರು ತಿರುಗಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸೆಪ್ಟೆಂಬರ್ 8ರ ಹಬ್ಬಕ್ಕೆ ನಿಮ್ಮಲ್ಲಿ ಎಷ್ಟೋ ಮಂದಿ ಹೋಗುವ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಮೂಲವೂ ಅವರು 1818ರಲ್ಲಿ ಕಟ್ಟಿಸಿದ ಕಾಣಿಕೆ ಮಾತೆಯ ಪುಟ್ಟ ಗುಡಿಯೇ.

ಬರೆದಿಟ್ಟ ಭಯಗಳು

ಭಾರತೀಯರ ಆಚಾರ ವಿಚಾರಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಪಂಚಾಂಗದ ಐದು ಅಂಗಗಳಾದ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನೂ, ಒಳ್ಳೆಯ ದಿನ ಕೆಟ್ಟ ದಿನ ನೋಡಿ ಹೇಳುವವರಿಗೆ ಊರಿನಲ್ಲಿದ್ದ ಬಲವನ್ನೂ ಅದರಲ್ಲಿ ಕಾಣಬಹುದು.

ಮಾಟಮಂತ್ರದ ಅಧ್ಯಾಯ ಇನ್ನೂ ಮುಖ್ಯವಾದದ್ದು. ಯಾರಿಗಾದರೂ ಹಠಾತ್ತನೆ ಸಾವು ಬಂದರೆ, ರೋಗ ತಗುಲಿದರೆ, ದನ ಕಂದು ಹಾಕಿದರೆ, ಅದಕ್ಕೆ ಹೊಟ್ಟೆಕಿಚ್ಚಿನವರ ಮಾಟವೋ ದೃಷ್ಟಿಯೋ ಕಾರಣವೆಂದು ಜನ ನಂಬುತ್ತಿದ್ದರಂತೆ. ಮಾಟಗಾರನೆಂದು ಹೆಸರು ಬಿದ್ದವನ ಮುಂದಿನ ಹಲ್ಲುಗಳನ್ನೇ ಕಿತ್ತುಬಿಡುತ್ತಿದ್ದರು. ಹಲ್ಲಿಲ್ಲದವನ ಬಾಯಲ್ಲಿ ಮಂತ್ರ ಸರಿಯಾಗಿ ಉಚ್ಚಾರವಾಗದು ಎಂಬುದು ಅದರ ಹಿಂದಿನ ಲೆಕ್ಕ. ಗಮನಿಸಿ: ಮಾಟದಿಂದ ಯಾರಿಗೆ ಕೇಡಾಯಿತೋ ಯಾರೂ ಕಂಡಿಲ್ಲ, ಮಾಟದ ಭಯದಿಂದ ರಕ್ತ ಸುರಿದದ್ದು ಮಾತ್ರ ನಿಜ.

ಇದು ನಮ್ಮ ನಾಡಿನ ರೋಗ ಮಾತ್ರ ಎಂದು ತಿಳಿಯಬೇಡಿ. ಕ್ರೈಸ್ತ ಯೂರೋಪಿನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಹತ್ತಾರು ಸಾವಿರ ಜನರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಸ್ವಿಟ್ಜರ್‌ಲೆಂಡಿನಲ್ಲಿ ಆನಾ ಗೋಲ್ಡಿ ಎಂಬ ಮನೆಗೆಲಸದವಳ ತಲೆ ಕಡಿದದ್ದು 1782ರಲ್ಲಿ. ಆಗ ದುಬುವಾ ಹದಿನಾರರ ಹುಡುಗ.

ಅಮ್ಮನ ಭಯಕ್ಕೆ ಲಸಿಕೆ

ಆ ಕಾಲದ ದೊಡ್ಡ ಭಯ ಸಿಡುಬು. ಸಿಡುಬು ಎದ್ದರೆ 'ಅಮ್ಮ' ಬಂದಳು ಎನ್ನುತ್ತಿದ್ದರು. ಮಾರಮ್ಮನ ಮುನಿಸೆಂದು ನಂಬುತ್ತಿದ್ದರು. ಹಸುವಿನ ಸಿಡುಬಿನ ಕೀವನ್ನು ತೋಳಿಗೆ ಗೀರಿ ಹಾಕಿದರೆ ಸಿಡುಬು ಬಾರದೆಂದು ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಪರೀಕ್ಷಿಸಿ ತೋರಿಸಿದ್ದರು. 1802ರಲ್ಲಿ ಲಸಿಕೆ ಭಾರತಕ್ಕೆ ಬಂತು. ದುಬುವಾ ಅದನ್ನು ಮೈಸೂರು ಸೀಮೆಯಲ್ಲಿ ಹರಡಲು ಟೊಂಕ ಕಟ್ಟಿದರು. 1803-04ರಲ್ಲಿ 25,432 ಜನರಿಗೆ ಲಸಿಕೆ ಹಾಕಿದ ಲೆಕ್ಕ ದಾಖಲೆಯಲ್ಲಿದೆ. ಭಯಪಡಬೇಡಿ ಎಂದು ಬೋಧನೆ ಮಾಡಿ ಸುಮ್ಮನಾಗದೆ, ಭಯದ ಬೇರನ್ನೇ ಕೀಳುವ ಕೆಲಸಕ್ಕೆ ಆ ಗುರು ಕೈ ಹಾಕಿದರು. ಆ ದಾರಿ ಎಲ್ಲಿಗೆ ಮುಟ್ಟಿತು ನೋಡಿ: 1980ರಲ್ಲಿ ಇಡೀ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು.

ದುಬುವಾ ಅವರಲ್ಲಿ ಕುಂದುಗಳೂ ಇದ್ದವು. ಈ ನಾಡಿನ ಜನರ ಬಗ್ಗೆ ಅವರ ಮಾತು ಎಷ್ಟೋ ಕಡೆ ಕಟುವಾಗಿದೆ, ಅನ್ಯಾಯವಾಗಿದೆ. ಪುಸ್ತಕದ ಬಹುಪಾಲು ತಮಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ಡೂ ಅವರ ಬರಹದಿಂದ ಬಂದದ್ದೆಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿಕೊಟ್ಟರು. ಮೂವತ್ತು ವರ್ಷ ದುಡಿದ ಮೇಲೆ, ಇಲ್ಲಿ ಕ್ರೈಸ್ತ ವಿಶ್ವಾಸ ಬೇರೂರದು ಎಂಬ ನಿರಾಶೆ ಹೊತ್ತು 1823ರಲ್ಲಿ ಅವರು ಹಿಂತಿರುಗಿದರು. 1848ರ ಫೆಬ್ರವರಿ 17ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅವರ ನಿರಾಶೆ ಸುಳ್ಳಾಯಿತು ಎಂಬುದಕ್ಕೆ ನಮ್ಮ ಧರ್ಮಕೇಂದ್ರಗಳೇ ಸಾಕ್ಷಿ.

ನಮಗೇನು ಪಾಠ?

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಹುಣ್ಣಿಮೆ ಅಮಾವಾಸ್ಯೆ ತಿಳಿಯಲು ಕ್ಯಾಲೆಂಡರ್ ನೋಡಿದರೆ ಪಾಪವೇನಲ್ಲ. ಆದರೆ ಬಾಳಿನ ಆಗುಹೋಗುಗಳ ಒಡೆತನವನ್ನು ಗ್ರಹಗಳ ಕೈಗೆ ಕೊಡುವುದು ತಂದೆಯಾದ ದೇವರ ಮೇಲಿನ ಭರವಸೆಯನ್ನು ಬಿಟ್ಟುಕೊಟ್ಟಂತೆ. 1992ರ ಧರ್ಮೋಪದೇಶ ಗ್ರಂಥ ಜಾತಕ, ಜ್ಯೋತಿಷ್ಯ, ಹಸ್ತಸಾಮುದ್ರಿಕೆಗಳನ್ನು ತಳ್ಳಿಹಾಕುತ್ತದೆ. ಮಾಟಮಂತ್ರವನ್ನೂ ತಾಯತ ಕಟ್ಟುವುದನ್ನೂ ಖಂಡಿಸುತ್ತದೆ. ಮೊಬೈಲಿನ ದಿನಭವಿಷ್ಯಕ್ಕೂ, ಪೇಟೆಯಲ್ಲಿ ಹೊಸದಾಗಿ ಬಂದಿರುವ ಟ್ಯಾರೋ ಕಾರ್ಡಿಗೂ ಈ ಮಾತು ಸಲ್ಲುತ್ತದೆ. ಜಪಸರವನ್ನೇ ತಾಯತದಂತೆ ಕಟ್ಟಿಕೊಂಡರೆ ಅದೂ ಸರಿಯಲ್ಲ. ಅದು ಪ್ರಾರ್ಥಿಸುವುದಕ್ಕಾಗಿ ಇರುವುದು.

ಜ್ಯೋತಿಷಿಯ ಸಲಹೆಯನ್ನು ಕೇಳುವುದು ಕಾನೂನಿನ ಪ್ರಕಾರ ಅಪರಾಧವಲ್ಲ. ಆದರೆ ಮಾಟದ ಹೆಸರಿನಲ್ಲಿ ಜನರನ್ನು ಹಿಂಸಿಸುವುದು ಅಪರಾಧ. ಇದಕ್ಕಾಗಿ 2017ರಲ್ಲಿ ಮಾಡಿದ ಕರ್ನಾಟಕದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ಮಗುವಿಗೆ ಜ್ವರವಿದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಹಸು ಕಂದು ಹಾಕಿದರೆ ಪಶುವೈದ್ಯರನ್ನು ಕರೆಯಿರಿ. ಅದು ಅಂಟುರೋಗವಿರಬಹುದು, ಹಾಲು ಕುಡಿಯುವ ಮನುಷ್ಯರಿಗೂ ತಗುಲಬಹುದು. ಮನಸ್ಸಿನಲ್ಲಿ ಅಂಜಿಕೆ ಉಳಿದರೆ ನಿಮ್ಮ ಗುರುಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ, ಮನೆಮಂದಿಯೆಲ್ಲ ಕೂಡಿ ಪ್ರಾರ್ಥಿಸಿ. ಪಕ್ಕದ ಮನೆಯವರ ಮೇಲೆ ಅನುಮಾನ ಬಂದಿದ್ದರೆ, ಈ ಭಾನುವಾರ ಬಲಿಪೂಜೆಗೆ ಹೋಗುವ ಮೊದಲು ಅವರ ಬಾಗಿಲಿಗೆ ಹೋಗಿ ಒಂದು ಒಳ್ಳೆಯ ಮಾತಾಡಿ ಬನ್ನಿ.