ಮೋನಾಲಿಸಾ ಬರೆದ ಕೈ ಮೂಳೆ-ಸ್ನಾಯುಗಳ ಗುಟ್ಟನ್ನೂ ಬಿಡಿಸಿತ್ತು: 380 ವರ್ಷ ಅಚ್ಚಾಗದೆ ಉಳಿದ ಡಾ ವಿಂಚಿ ಪುಟಗಳ ಕಥೆ

ಲಿಯೊನಾರ್ಡೊ ಡಾ ವಿಂಚಿ ಎಂದಾಕ್ಷಣ ಎಲ್ಲರಿಗೂ ಮೊದಲು ನೆನಪಾಗುವುದು ಮೋನಾಲಿಸಾ, ಆಮೇಲೆ ‘ದಿ ಲಾಸ್ಟ್ ಸಪ್ಪರ್’. ಆದರೆ ಇದೇ ಚಿತ್ರಕಾರ 30ಕ್ಕೂ ಹೆಚ್ಚು ಮೃತದೇಹಗಳನ್ನು ಕೊಯ್ದು ನೋಡಿದ್ದ. ಮೂಳೆ, ಕೀಲು ಮತ್ತು ಸ್ನಾಯುಗಳು ಒಟ್ಟಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತನ್ನ ಕಾಲದ ವೈದ್ಯರಿಗಿಂತ ಸ್ಪಷ್ಟವಾಗಿ ಕಾಗದದ ಮೇಲೆ ಇಳಿಸಿದ್ದ. ಅದು ಪುಸ್ತಕವಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ಆತನ ಬದುಕಿನ ದೊಡ್ಡ ನಷ್ಟದ ಕಥೆ.

ತಂದೆಯ ವೃತ್ತಿ ಸಿಗಲಿಲ್ಲ, ಲ್ಯಾಟಿನ್ ಬರಲಿಲ್ಲ

ಲಿಯೊನಾರ್ಡೊ ಹುಟ್ಟಿದ್ದು 1452ರ ಏಪ್ರಿಲ್ 15ರಂದು, ಇಟಲಿಯ ಫ್ಲಾರೆನ್ಸ್ ಹತ್ತಿರದ ವಿಂಚಿ ಎಂಬ ಊರಿನ ಕಡೆ. ತಂದೆ ಸೆರ್ ಪಿಯೆರೊ ನೋಟರಿ. ತಾಯಿ ಕ್ಯಾಟರೀನಾ. ಅವರಿಬ್ಬರಿಗೂ ಮದುವೆಯಾಗಿರಲಿಲ್ಲ. ಹೀಗಾಗಿ ತಂದೆಯ ವೃತ್ತಿಯ ಬಾಗಿಲು ಮಗನಿಗೆ ತೆರೆಯಲಿಲ್ಲ. ಶಾಲೆಯಲ್ಲಿ ಲ್ಯಾಟಿನ್ ಕಲಿಯುವ ಅವಕಾಶವೂ ಸಿಗಲಿಲ್ಲ. ಹುಡುಗ ಫ್ಲಾರೆನ್ಸಿನ ಕಲಾವಿದ ವೆರೋಕಿಯೊ ಬಳಿ ಕೆಲಸ ಕಲಿಯಲು ಸೇರಿದ.

ಆ ಕಾಲದ ವೈದ್ಯಕೀಯ ಪುಸ್ತಕಗಳೆಲ್ಲ ಲ್ಯಾಟಿನ್‌ನಲ್ಲಿದ್ದವು. ಅವುಗಳಿಗೆ ಆಧಾರ 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್. ಆತ ಮಂಗ, ಹಂದಿಯಂಥ ಪ್ರಾಣಿಗಳನ್ನು ಕೊಯ್ದು ಕಂಡದ್ದನ್ನು ಮನುಷ್ಯರಿಗೂ ಅನ್ವಯಿಸಿದ್ದ. ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಎತ್ತರದ ಪೀಠದಲ್ಲಿ ಕೂತು ಪುಸ್ತಕ ಓದುವುದು, ಕೆಳಗೆ ಇನ್ನೊಬ್ಬರು ದೇಹ ಕೊಯ್ಯುವುದು ರೂಢಿ. ಪುಸ್ತಕಕ್ಕೂ ದೇಹಕ್ಕೂ ತಾಳೆಯಾಗದಿದ್ದರೆ ಪುಸ್ತಕವೇ ಗೆಲ್ಲುತ್ತಿತ್ತು. ಲಿಯೊನಾರ್ಡೊ ನಡುವಯಸ್ಸಿನಲ್ಲಿ ಲ್ಯಾಟಿನ್ ಕಲಿಯಲು ಒದ್ದಾಡಿದ. ಆದರೆ ಆತ ಹೆಚ್ಚು ನಂಬಿದ್ದು ತನ್ನ ಕಣ್ಣನ್ನು.

ತಲೆಬುರುಡೆಯಿಂದ ಶುರು

1480ರ ದಶಕದಲ್ಲಿ ಲಿಯೊನಾರ್ಡೊ ಮಿಲಾನ್‌ಗೆ ಹೋಗಿ ಲುಡೊವಿಕೊ ಸ್ಫೋರ್ಜಾನ ಆಶ್ರಯ ಪಡೆದ. 1489ರಲ್ಲಿ ಆತನಿಗೆ ಮನುಷ್ಯರ ತಲೆಬುರುಡೆ ಸಿಕ್ಕಿತು. ಗರಗಸದಿಂದ ಅದನ್ನು ಸೀಳಿ, ಒಳಭಾಗವನ್ನು ಕೋನ ಬದಲಿಸಿ ಬದಲಿಸಿ ಬರೆದ. ಕೆನ್ನೆಯ ಮೂಳೆಯೊಳಗಿನ ಪೊಳ್ಳು ಜಾಗವನ್ನೂ ಗುರುತಿಸಿದ. ನಾವು ಇಂದು ಸೈನಸ್ ಎಂದು ಕರೆಯುವುದು ಅದನ್ನೇ. ಆದರೆ ಪೂರ್ಣ ಮಾನವ ದೇಹ ಸಿಗುವುದು ಕಷ್ಟವಿತ್ತು. ಹೀಗಾಗಿ ಆರಂಭದ ಚಿತ್ರಗಳಲ್ಲಿ ಪ್ರಾಣಿಗಳ ಅಂಗಗಳೂ ಪುಸ್ತಕದ ತಪ್ಪುಗಳೂ ಬೆರೆತಿವೆ.

ಇದು ಬದಲಾದದ್ದು ಆತನ ಐವತ್ತರ ಪ್ರಾಯ ದಾಟಿದ ಮೇಲೆ. 1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ ಒಬ್ಬ ವೃದ್ಧ ಸಿಕ್ಕ. ತನಗೆ ನೂರು ದಾಟಿದೆ, ನಿಶ್ಶಕ್ತಿ ಬಿಟ್ಟರೆ ಬೇರೇನೂ ತೊಂದರೆ ಇಲ್ಲ ಎಂದು ಆತ ಲಿಯೊನಾರ್ಡೊಗೆ ಹೇಳಿದ. ಕೆಲವೇ ಗಂಟೆಗಳಲ್ಲಿ, ಹಾಸಿಗೆಯ ಮೇಲೆ ಕೂತಿದ್ದಂತೆಯೇ ಶಾಂತವಾಗಿ ಪ್ರಾಣ ಬಿಟ್ಟ. ಇಷ್ಟು ನೆಮ್ಮದಿಯ ಸಾವಿಗೆ ಕಾರಣವೇನು ಎಂದು ತಿಳಿಯಲು ಲಿಯೊನಾರ್ಡೊ ಆ ದೇಹವನ್ನು ಕೊಯ್ದ. ಕಂಡದ್ದು ಒಣಗಿ, ಗೋಡೆ ದಪ್ಪಗಾಗಿ ಕಿರಿದಾದ ರಕ್ತನಾಳಗಳು. ಎರಡು ವರ್ಷದ ಮಗುವೊಂದರ ದೇಹದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ ಎಂದೂ ಆತ ಬರೆದಿಟ್ಟ.

18 ಹಾಳೆ, 240 ಚಿತ್ರ

ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದದ್ದು 1510-11ರ ಚಳಿಗಾಲದಲ್ಲಿ. ಪಾವಿಯಾ ವಿಶ್ವವಿದ್ಯಾಲಯದ ಯುವ ಪ್ರಾಧ್ಯಾಪಕ ಮಾರ್ಕಾಂಟೋನಿಯೊ ಡೆಲ್ಲಾ ಟೊರ್ರೆ ಜತೆಯಾದ. ಶವ ಕೆಡದಂತೆ ಇಡುವ ಉಪಾಯ ಇಲ್ಲದ ಕಾಲ ಅದು. ಚಳಿಗಾಲದ ತಿಂಗಳುಗಳಲ್ಲೇ ಕೆಲಸ ಮುಗಿಸಬೇಕಿತ್ತು. 18 ಹಾಳೆಗಳ ಎರಡೂ ಬದಿಯಲ್ಲಿ ಸುಮಾರು 240 ಚಿತ್ರಗಳು, 13 ಸಾವಿರಕ್ಕೂ ಹೆಚ್ಚು ಪದಗಳ ಟಿಪ್ಪಣಿ ತುಂಬಿದವು. ಎಡಗೈ ಬಳಸುತ್ತಿದ್ದ ಲಿಯೊನಾರ್ಡೊ ಎಂದಿನಂತೆ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆದ.

ಆತ ಪ್ರತಿ ಅಂಗವನ್ನೂ ಪದರ ಪದರವಾಗಿ ಕಟ್ಟುತ್ತ ಹೋದ. ಕೈಯನ್ನೇ ನೋಡಿ. ಮೊದಲು ಬರೀ ಮೂಳೆ. ಆಮೇಲೆ ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿಗಳು. ಅದರ ಮೇಲೆ ಸ್ನಾಯು, ಸ್ನಾಯುವಿನ ತುದಿಯ ಗಟ್ಟಿ ಎಳೆ, ನರ, ರಕ್ತನಾಳ. ಬೆರಳಿನ ತುದಿಗೆ ಹೋಗುವ ಎಳೆಯು ಇನ್ನೊಂದು ಎಳೆಯ ಸೀಳಿನ ನಡುವೆ ತೂರಿ ಸಾಗುತ್ತದೆ ಎಂಬ ಸೂಕ್ಷ್ಮವೂ ಅಲ್ಲಿದೆ.

ಬೆನ್ನುಮೂಳೆಯ ಬಾಗುಗಳನ್ನು ಸರಿಯಾಗಿ ಚಿತ್ರಿಸಿದವರಲ್ಲಿ ಆತನೇ ಮೊದಲಿಗ ಎನ್ನಲಾಗುತ್ತದೆ. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮೂಳೆಗಳ ಲೆಕ್ಕವೂ ಸರಿಯಾಗಿದೆ.

ಅಂಗೈ ತಿರುಗಿಸಿ ನೋಡಿ

ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಅದು ಮೊಟಕಾದಾಗ ಮೂಳೆ ಕೀಲಿನಲ್ಲಿ ತಿರುಗುತ್ತದೆ. ಮೂಳೆ ಮತ್ತೆ ಮೊದಲಿನ ಜಾಗಕ್ಕೆ ಬರಬೇಕಾದರೆ ಎದುರು ಬದಿಯ ಸ್ನಾಯು ಎಳೆಯಬೇಕು. ನಮ್ಮ ಚಲನೆಯೆಲ್ಲ ನಿಂತಿರುವುದು ಈ ಜೋಡಿಗಳ ಮೇಲೆ.

ಲಿಯೊನಾರ್ಡೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತೋಳಿನ ಬೈಸೆಪ್ಸ್ ಮೊಣಕೈಯನ್ನು ಮಡಚುವುದಷ್ಟೇ ಅಲ್ಲ, ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುತ್ತದೆ ಎಂದೂ ಕಂಡುಕೊಂಡ. ಇದನ್ನು ನೀವೇ ಪರೀಕ್ಷಿಸಬಹುದು. ಬಲ ಮೊಣಕೈಯನ್ನು ಮಡಚಿ, ಅಂಗೈ ಕೆಳಗೆ ಮಾಡಿ. ಎಡಗೈಯನ್ನು ಬೈಸೆಪ್ಸ್ ಮೇಲಿಡಿ. ಈಗ ಬಿಗಿಯಾದ ಸ್ಕ್ರೂ ಕೂರಿಸುವಂತೆ ಅಂಗೈಯನ್ನು ಮೇಲಕ್ಕೆ ತಿರುಗಿಸಿ. ಸ್ನಾಯು ಉಬ್ಬುವುದು ಕೈಗೆ ತಿಳಿಯುತ್ತದೆ. ಮುಂಗೈಯಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆಗಳಿವೆ. ಅಂಗೈ ಕೆಳಗಿದ್ದಾಗ ರೇಡಿಯಸ್ ಇನ್ನೊಂದರ ಮೇಲೆ ಅಡ್ಡ ಹಾದಿರುತ್ತದೆ. ಬೈಸೆಪ್ಸ್‌ನ ಎಳೆ ಅಂಟಿರುವುದು ಆ ರೇಡಿಯಸ್‌ಗೇ. ಎಳೆದಾಗ ಅದು ಹಗ್ಗ ಸುತ್ತಿದ ಬುಗುರಿಯಂತೆ ತಿರುಗುತ್ತದೆ.

ಸ್ನಾಯುಗಳು ದಪ್ಪ. ಮೇಲಿನದು ಕೆಳಗಿನದನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಲಿಯೊನಾರ್ಡೊ ಹುಡುಕಿದ ಪರಿಹಾರ ಸರಳ. ಸ್ನಾಯುವಿನ ಬದಲು, ಅದು ಎಳೆಯುವ ದಿಕ್ಕಿನಲ್ಲಿ ಒಂದೊಂದು ದಾರ ಬರೆದ. ಭುಜದ ಚಿತ್ರದಲ್ಲಿ ಮೂಳೆಗಳ ನಡುವೆ ದಾರಗಳಷ್ಟೇ ಕಾಣುತ್ತವೆ. ಯಾವುದು ಎತ್ತ ಎಳೆಯುತ್ತದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂದು ಕಂಪ್ಯೂಟರ್‌ನಲ್ಲಿ ನಡಿಗೆ, ಓಟವನ್ನು ಲೆಕ್ಕ ಹಾಕುವ ಮಾದರಿಗಳೂ ಸ್ನಾಯುವನ್ನು ಬಹುಮಟ್ಟಿಗೆ ಹೀಗೆ ಗೆರೆಯಾಗಿಯೇ ತೋರಿಸುತ್ತವೆ. ಕತ್ತಿನ ಮೂಳೆಗಳನ್ನು ಹಿಡಿದಿಡುವ ಸ್ನಾಯುಗಳನ್ನು ಆತ ಹೋಲಿಸಿದ್ದು ಹಡಗಿನ ಪಟಸ್ತಂಭವನ್ನು ಸುತ್ತಲಿಂದ ಬಿಗಿದ ಹಗ್ಗಗಳಿಗೆ. ಎಲ್ಲ ಕಡೆಯ ಎಳೆತ ಸಮನಾಗಿದ್ದರೆ ಮಾತ್ರ ಕಂಬ ನಿಲ್ಲುತ್ತದೆ, ತಲೆಯೂ ಹಾಗೆಯೇ.

ಜತೆಗಾರನ ಸಾವು, ಒಂದು ದೂರು

ಆ ಚಳಿಗಾಲದಲ್ಲೇ ಎಲ್ಲ ಮುಗಿಸುವ ವಿಶ್ವಾಸ ಲಿಯೊನಾರ್ಡೊಗಿತ್ತು. ಆದರೆ 1511ರಲ್ಲಿ ಡೆಲ್ಲಾ ಟೊರ್ರೆ ಪ್ಲೇಗ್‌ಗೆ ಬಲಿಯಾದ. ಪುಸ್ತಕದ ಶಿಸ್ತು ಗೊತ್ತಿದ್ದ ಜತೆಗಾರನೇ ಇಲ್ಲವಾದ. ಯುದ್ಧದಿಂದಾಗಿ ಮಿಲಾನ್ ಬಿಡಬೇಕಾಯಿತು. ಶಿಷ್ಯ ಫ್ರಾನ್ಸೆಸ್ಕೊ ಮೆಲ್ಜಿಯ ಹಳ್ಳಿಯ ಮನೆಯಲ್ಲಿ ಕೂತು ಎತ್ತಿನ ಹೃದಯದ ಅಧ್ಯಯನ ಮಾಡಿದ. 1513ರಲ್ಲಿ ರೋಮ್ ಸೇರಿದ. ಅಲ್ಲಿ ಕನ್ನಡಿ ತಯಾರಿಸುವ ಜರ್ಮನ್ ಕುಶಲಕರ್ಮಿಯೊಬ್ಬ ಶವ ಕೊಯ್ಯುವ ಕೆಲಸದ ಬಗ್ಗೆ ಪೋಪ್ ಮುಂದೆಯೂ ಆಸ್ಪತ್ರೆಯಲ್ಲೂ ದೂರಿದ. ಅಂಗರಚನೆಯ ಅಧ್ಯಯನ ಅಲ್ಲಿಗೆ ಬಹುಮಟ್ಟಿಗೆ ನಿಂತಿತು.

ತಪ್ಪು ಪೂರ್ತಿ ಬೇರೆಯವರದ್ದಲ್ಲ. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಜಿಗಿಯುವುದು, ಹಿಡಿದದ್ದನ್ನು ಅರ್ಧಕ್ಕೆ ಬಿಡುವುದು ಲಿಯೊನಾರ್ಡೊನ ಸ್ವಭಾವದಲ್ಲೇ ಇತ್ತು.

ಕೊನೆಗೆ ಕೈಕೊಟ್ಟ ಕೈ

ಫ್ರಾನ್ಸಿನ ದೊರೆ 1ನೇ ಫ್ರಾನ್ಸಿಸ್ ಕರೆಯ ಮೇರೆಗೆ ಆತ ಅಂಬ್ವಾಜ್‌ಗೆ ಹೋಗಿ ನೆಲೆಸಿದ. 1517ರಲ್ಲಿ ಕಾರ್ಡಿನಲ್ ಒಬ್ಬರು ಭೇಟಿಗೆ ಬಂದರು. 30ಕ್ಕೂ ಹೆಚ್ಚು ದೇಹಗಳನ್ನು ಕೊಯ್ದ ವಿಷಯವನ್ನು ಲಿಯೊನಾರ್ಡೊ ಹೇಳಿದ್ದು ಆಗಲೇ. ಆ ಹೊತ್ತಿಗೆ ಆತನ ಬಲಗೈ ಸ್ವಾಧೀನ ತಪ್ಪಿತ್ತು ಎಂದು ಕಾರ್ಡಿನಲ್‌ರ ಕಾರ್ಯದರ್ಶಿ ಬರೆದಿಟ್ಟಿದ್ದಾರೆ. ಇದು ಪಾರ್ಶ್ವವಾಯು ಎಂಬುದು ಬಹುಕಾಲದ ನಂಬಿಕೆ. ಮುಂಗೈಯ ಅಲ್ನರ್ ನರಕ್ಕೆ ಪೆಟ್ಟಾಗಿ ಬೆರಳುಗಳು ಮಡಚಿಕೊಂಡಿರಬಹುದು ಎಂದು 2019ರಲ್ಲಿ ಇಟಲಿಯ ಇಬ್ಬರು ವೈದ್ಯರು ವಾದಿಸಿದರು. ನರ ಸೋತರೆ ಸ್ನಾಯು ಸೋಲುತ್ತದೆ, ಸ್ನಾಯು ಸೋತರೆ ಗಟ್ಟಿ ಮೂಳೆಯೂ ಕೆಲಸಕ್ಕೆ ಬಾರದು. ಬೆರಳಿನ ಒಂದೊಂದು ಎಳೆಯನ್ನೂ ಬಲ್ಲವನಿಗೇ ಈ ಸ್ಥಿತಿ ಬಂದಿತ್ತು. ಎಡಗೈಯಿಂದ ರೇಖಾಚಿತ್ರ ಬರೆಯುವುದನ್ನು, ಕಲಿಸುವುದನ್ನು ಮಾತ್ರ ಆತ ಬಿಟ್ಟಿರಲಿಲ್ಲ. 1519ರ ಮೇ 2ರಂದು, 67ನೇ ವಯಸ್ಸಿನಲ್ಲಿ ಲಿಯೊನಾರ್ಡೊ ತೀರಿಕೊಂಡ.

ಹಾಳೆಗಳೆಲ್ಲ ಮೆಲ್ಜಿಯ ಪಾಲಾದವು. ಮೆಲ್ಜಿ ಅವನ್ನು ಜೋಪಾನ ಮಾಡಿದ, ಅಚ್ಚು ಹಾಕಿಸಲಿಲ್ಲ. 1543ರಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಮಾನವ ದೇಹದ ರಚನೆಯ ಬಗ್ಗೆ ಏಳು ಭಾಗಗಳ ಗ್ರಂಥ ಪ್ರಕಟಿಸಿದ. ಗ್ಯಾಲನ್‌ನ ತಪ್ಪುಗಳನ್ನು ಜಗತ್ತಿಗೆ ತೋರಿಸಿದ ಕೀರ್ತಿ ಆತನಿಗೆ ಸಂದಿತು. ಲಿಯೊನಾರ್ಡೊನ ಹಾಳೆಗಳು ಕೈಯಿಂದ ಕೈಗೆ ದಾಟಿ 1690ರ ಹೊತ್ತಿಗೆ ಇಂಗ್ಲೆಂಡ್ ರಾಜಮನೆತನದ ಸಂಗ್ರಹ ಸೇರಿದ್ದವು. 18ನೇ ಶತಮಾನದಲ್ಲಿ ವೈದ್ಯ ವಿಲಿಯಂ ಹಂಟರ್ ಅವನ್ನು ನೋಡಿ ಬೆರಗಾಗಿ ಪ್ರಕಟಿಸಲು ಬಯಸಿದ. ಅದಕ್ಕೆ ಮೊದಲೇ, 1783ರಲ್ಲಿ, ತೀರಿಹೋದ. ಆ 18 ಹಾಳೆಗಳು ಕೊನೆಗೂ ಪ್ಯಾರಿಸ್‌ನಲ್ಲಿ ಇಡಿಯಾಗಿ ಅಚ್ಚಾದದ್ದು 1898ರಲ್ಲಿ.

ಅಷ್ಟರಲ್ಲಿ ಅವುಗಳಲ್ಲಿದ್ದ ಸಂಗತಿಗಳನ್ನು ವೈದ್ಯರು ಬೇರೆ ದಾರಿಯಲ್ಲಿ, ಮತ್ತೆ ದೇಹ ಕೊಯ್ದು, ತಾವೇ ಕಂಡುಕೊಂಡಿದ್ದರು. ಹಾಳೆಗಳು ಇಂದಿಗೂ ವಿಂಡ್ಸರ್ ಅರಮನೆಯಲ್ಲಿವೆ. ನೋಡಿದವರು ಮೆಚ್ಚುತ್ತಾರೆ. ಆದರೆ ಅವುಗಳಿಂದ ಕಲಿಯಬೇಕಾಗಿದ್ದ ತಲೆಮಾರುಗಳಿಗೆ ಅವು ಸಿಗಲೇ ಇಲ್ಲ.