ಚಂದ್ರಗಿರಿಯನ್ನು ದಾಟಿದ ಕಂಪನಿಯ ವೈದ್ಯ

ಕಾಸರಗೋಡಿನ ಚರಿತ್ರೆಯನ್ನು ಬರೆಯಹೊರಟ ನಾವು ಒಂದಲ್ಲ ಒಂದು ಸಂದರ್ಭದಲ್ಲಿ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನವನ್ನು ಆಶ್ರಯಿಸಿದವರೇ. ಆದರೆ ಆತನು ವೃತ್ತಿಯಿಂದ ವೈದ್ಯನೆಂಬುದನ್ನು ನೆನೆಯುವುದು ಕಡಿಮೆ.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಈತನು 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದನು. ಕೆಲವು ಕಾಲ ಹಡಗುಗಳಲ್ಲಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯನ್ನು ಸೇರಿದನು. ಪಲ್ಟನ್ನುಗಳ ಶುಶ್ರೂಷೆ ಆ ಸೇವೆಯ ಮೊದಲ ಹೊಣೆ. ಸ್ವದೇಶದಲ್ಲಿ ಅವಕಾಶ ಕಾಣದ ಸ್ಕಾಟ್ ತರುಣರು ಕಂಪನಿಗೆ ಸುಲಭವಾಗಿ ದೊರೆಯುತ್ತಿದ್ದರು. ಅವರನ್ನು ಉಳಿಸಿಕೊಳ್ಳುವುದು ಬೇರೆಯೇ ಮಾತು. ಸಸ್ಯಶಾಸ್ತ್ರ, ಮೋಜಣಿ, ರಾಯಭಾರ ಮುಂತಾದ ಕಾರ್ಯಗಳಿಗೆ ವೈದ್ಯರನ್ನು ನಿಯೋಜಿಸಿದ್ದು ಅವರನ್ನು ಈ ನೆಲದಲ್ಲಿ ಕಟ್ಟಿಹಾಕಿತೆಂದು ನಮ್ಮ ಎಣಿಕೆ. ಬುಕಾನನ್ನನೇ ಇದಕ್ಕೆ ನಿದರ್ಶನ. ಸೇವೆಗೆ ಸೇರಿದ ಮರುವರ್ಷವೇ ಆತನು ಬರ್ಮಾದ ಆವಾ ಆಸ್ಥಾನಕ್ಕೆ ಹೊರಟ ರಾಯಭಾರದ ಜೊತೆಗಿದ್ದನು.

ಟಿಪ್ಪುವಿನ ಪತನಾನಂತರ, ಹೊಸದಾಗಿ ಕೈಸೇರಿದ ಸೀಮೆಗಳನ್ನು ಪರಿಶೀಲಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ನೇಮಿಸಿದನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಮೈಸೂರು, ಮಲಬಾರುಗಳನ್ನು ಸುತ್ತಿ, 1801ರ ಜನವರಿಯಲ್ಲಿ ನಮ್ಮ ಕರಾವಳಿಗೆ ಬಂದನು. ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರಿನ ದಾರಿ ಹಿಡಿದನು. ಬೆಳೆ, ಕಂದಾಯ, ಜಾತಿ, ನೆಲದ ಗುಣ ಎಲ್ಲವನ್ನೂ ಬರೆದುಕೊಂಡನು. ಕನ್ನಡ, ತುಳುಗಳನ್ನು ತಿಳಿಯದೆ ದುಭಾಷಿಗಳನ್ನೇ ನೆಚ್ಚಿದ್ದನೆಂಬುದನ್ನೂ, ನೋಡುತ್ತಿದ್ದುದು ಒಡೆಯನ ಕಣ್ಣಿನಿಂದಲೇ ಎಂಬುದನ್ನೂ ಮರೆಯಬಾರದು. ಊರ ಹೆಸರುಗಳನ್ನಂತೂ ಗಟ್ಟಿಯಾಗಿ ಓದಿದರೆ ಮಾತ್ರ ಗುರುತು ಹತ್ತುತ್ತದೆ!

ಆದರೂ ಒಂದು ಸಂಗತಿ ನಮಗೆ ಮುಖ್ಯ. ಮಲಯಾಳಕ್ಕೂ ತುಳುನಾಡಿಗೂ ಚಂದ್ರಗಿರಿ ಹೊಳೆಯೇ ಎಲ್ಲೆಯೆಂದು ಆತನು ದಾಖಲಿಸಿದನು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು ಇದೇ ಹೊಳೆಯ ಉತ್ತರದ ಭಾಗವನ್ನು. ಆ ವರದಿ ಇಂದಿಗೂ ಜಾರಿಯಾಗಿಲ್ಲ.

ಬುಕಾನನ್ನನ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಷ್ಟರಲ್ಲಿ ಆತನು ನೇಪಾಳವನ್ನು ಕಂಡು, ವೆಲ್ಲೆಸ್ಲಿಯ ವೈದ್ಯನಾಗಿಯೂ ದುಡಿದಿದ್ದನು. ಆ ವರ್ಷವೇ ಬಂಗಾಳದ ಸಮೀಕ್ಷೆ ಆರಂಭವಾಗಿ ಏಳು ವರ್ಷ ನಡೆಯಿತು. 1815ರಲ್ಲಿ ಊರಿಗೆ ಮರಳುವಾಗ, ತಾನು ಬರೆಯಿಸಿದ ಚಿತ್ರಗಳನ್ನು ಒಯ್ಯಲು ಸರಕಾರ ಬಿಡಲಿಲ್ಲ. ಇಪ್ಪತ್ತು ವರ್ಷ ಉಳಿಸಿಕೊಂಡವನಿಗೆ ಸಂದ ಬೀಳ್ಕೊಡುಗೆ ಇದು. ಗಂಗೆಯ ಮೀನುಗಳ ಕುರಿತ ಗ್ರಂಥವನ್ನು 1822ರಲ್ಲಿ ಹೊರತಂದು, 1829ರಲ್ಲಿ ಸ್ಕಾಟ್ಲೆಂಡಿನಲ್ಲಿ ನಿಧನನಾದನು.