ಔರೇಲಿಯೊ ಲಾಂಪ್ರೆಡಿ

ಔರೇಲಿಯೊ ಲಾಂಪ್ರೆಡಿ (16 ಜೂನ್ 1917 – 1 ಜೂನ್ 1989) ಇಟಲಿಯ ಹೆಸರಾಂತ ಎಂಜಿನ್ ವಿನ್ಯಾಸಕರು. ಟಸ್ಕನಿಯ ಬಂದರು ನಗರ ಲಿವೋರ್ನೊದಲ್ಲಿ ಜನಿಸಿದ ಇವರು ವಿಮಾನ ತಯಾರಿಕೆಯ ರೆಜ್ಜಾನೆ ಕಾರ್ಖಾನೆಯಲ್ಲಿ ದುಡಿದು, 1946ರಲ್ಲಿ ಫೆರಾರಿ ಸಂಸ್ಥೆಯನ್ನು ಸೇರಿದರು.

1951ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಫೆರಾರಿಗೆ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಗೆಲುವನ್ನು ತಂದದ್ದು ಇವರ 4.5 ಲೀಟರಿನ, ಹನ್ನೆರಡು ಸಿಲಿಂಡರುಗಳ ಎಂಜಿನ್. ಆದರೆ ಇವರ ಪ್ರತಿಭೆ ಹೆಚ್ಚು ಬೆಳಗಿದ್ದು ಸರಳತೆಯಲ್ಲಿ. ಅನಂತರ ರೂಪಿಸಿದ, ನಾಲ್ಕೇ ಸಿಲಿಂಡರುಗಳ ಎರಡು ಲೀಟರ್ ಎಂಜಿನ್ನಿನ ಬಲದಿಂದ ಆಲ್ಬರ್ಟೊ ಅಸ್ಕಾರಿ 1952 ಮತ್ತು 1953ರಲ್ಲಿ ವಿಶ್ವವಿಜೇತರಾದರು.

1955ರಲ್ಲಿ ಆರ್ಥಿಕ ಸಂಕಟಕ್ಕೆ ಸಿಲುಕಿದ ಲಾನ್ಸಿಯಾ ಸಂಸ್ಥೆಯ ರೇಸ್ ಕಾರುಗಳು ಫೆರಾರಿಯ ಪಾಲಾದವು. ಅವುಗಳೊಂದಿಗೆ ವಿನ್ಯಾಸಕ ವಿಟ್ಟೋರಿಯೊ ಯಾನೊ ಕೂಡ ಬಂದರು. ಲಾಂಪ್ರೆಡಿ ಅಲ್ಲಿಂದ ಹೊರಬಂದು ಫಿಯಟ್ ಸೇರಿದರು. ಜನಸಾಮಾನ್ಯರ ಕಾರುಗಳಿಗಾಗಿ ಇವರು ರಚಿಸಿದ ಅವಳಿ ಕ್ಯಾಮ್‌ಶಾಫ್ಟ್ ಎಂಜಿನ್ 1966ರಲ್ಲಿ ಹೊರಬಂದಿತು. ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸಲು ಸರಪಳಿಯ ಬದಲು ಹಲ್ಲುಳ್ಳ ರಬ್ಬರ್ ಪಟ್ಟಿಯನ್ನು ಬಳಸಿದ್ದು ಇದರ ವಿಶೇಷ.

ತಮ್ಮನ್ನು ಪರೋಕ್ಷವಾಗಿ ಫೆರಾರಿಯಿಂದ ಹೊರಡಿಸಿದ ಲಾನ್ಸಿಯಾದ ಹೆಸರಿಗೇ ಈ ಎಂಜಿನ್ ಮುಂದೆ ಕೀರ್ತಿ ತಂದದ್ದು ವಿಚಿತ್ರ. 1973ರಿಂದ 1982ರವರೆಗೆ ಇವರು ಅಬಾರ್ತ್ ರೇಸಿಂಗ್ ವಿಭಾಗದ ಮುಖ್ಯಸ್ಥರಾಗಿದ್ದರು. ಆ ವಿಭಾಗ ಸಿದ್ಧಪಡಿಸಿದ ಲಾನ್ಸಿಯಾ 037 ರ‍್ಯಾಲಿ ಕಾರಿನಲ್ಲಿ ಅದೇ ವಂಶದ ಎಂಜಿನ್ ಆಸನಗಳ ಹಿಂದೆ ಕುಳಿತಿತು. ಟರ್ಬೊ ಎಂಜಿನ್‌ಗಳಲ್ಲಿ ವೇಗವರ್ಧಕ ತುಳಿದ ಮೇಲೆ ಶಕ್ತಿ ಹೊಮ್ಮಲು ತುಸು ತಡವಾಗುತ್ತಿತ್ತು; ಆದ್ದರಿಂದ ಇದಕ್ಕೆ ಎಂಜಿನ್ನಿನಿಂದಲೇ ನೇರವಾಗಿ ತಿರುಗುವ ಸೂಪರ್‌ಚಾರ್ಜರ್ ಜೋಡಿಸಲಾಯಿತು. ಹಿಂದಿನ ಎರಡೇ ಚಕ್ರಗಳಿಂದ ಚಲಿಸುತ್ತಿದ್ದ 037, ನಾಲ್ಕೂ ಚಕ್ರಗಳಿಗೆ ಶಕ್ತಿ ಪಡೆಯುತ್ತಿದ್ದ ಆಡಿ ಕ್ವಾಟ್ರೊವನ್ನು 1983ರಲ್ಲಿ ಎರಡು ಅಂಕಗಳಿಂದ ಹಿಂದಿಕ್ಕಿ ತಯಾರಕರ ವಿಶ್ವ ಪ್ರಶಸ್ತಿ ಗೆದ್ದಿತು. ಹಿಂಚಕ್ರ ಚಾಲನೆಯ ಕಾರೊಂದು ಆ ಪ್ರಶಸ್ತಿ ಪಡೆದದ್ದು ಅದೇ ಕೊನೆ.

ಇದೇ ಎಂಜಿನ್ ವಂಶದ ಲಾನ್ಸಿಯಾ ಡೆಲ್ಟಾ ಕಾರುಗಳು 1987ರಿಂದ 1992ರವರೆಗೆ ಸತತ ಆರು ಪ್ರಶಸ್ತಿ ಗಳಿಸಿದವು. ಅವುಗಳಲ್ಲಿ ಮೊದಲ ಎರಡನ್ನು ಮಾತ್ರ ಕಂಡ ಲಾಂಪ್ರೆಡಿ, ಹುಟ್ಟೂರಾದ ಲಿವೋರ್ನೊದಲ್ಲಿ ನಿಧನರಾದರು.